ಒಂದು ಚೀಲ ಕಾಫಿಯಲ್ಲಿ ಎಷ್ಟು ಬಂಡವಾಳಶಾಹಿ ಇದೆ?

1980ರ ದಶಕದಲ್ಲಿ ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ನಿಮಗೆ ಐದು ಎಕರೆ ಕಾಫಿ ತೋಟ ಇತ್ತು ಅಂದುಕೊಳ್ಳಿ. ಜಮೀನು ನಿಮ್ಮದು. ಗಿಡ ನಿಮ್ಮದು. ಗೊಬ್ಬರಕ್ಕೆ ಮಾಡಿದ ಸಾಲವೂ ನಿಮ್ಮದೇ. ಆದರೆ ಕೊಯ್ದು ಒಣಗಿಸಿದ ಕಾಫಿಯನ್ನು ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಮನೆಖರ್ಚಿಗೆ, ಬಿತ್ತನೆಗೆ ಅಂತ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ 'ಪೂಲ್'ಗೆ, ಅಂದರೆ ಎಲ್ಲರ ಕಾಫಿಯನ್ನೂ ಸೇರಿಸುವ ಒಂದೇ ರಾಶಿಗೆ, ಹಾಕಬೇಕಿತ್ತು. ಕದ್ದು ಹೊರಗೆ ಮಾರಿದರೆ ಅದು ಅಪರಾಧ.

ಇವತ್ತು ಅಂಥದ್ದೇ ತೋಟದವರು ಬೆಳಗ್ಗೆ ಎದ್ದು ಮೊಬೈಲಿನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಜಾತಿಯ ಕಾಫಿಯ ರೇಟು ನೋಡುತ್ತಾರೆ. ನಾಲ್ಕು ವ್ಯಾಪಾರಿಗಳಿಗೆ ಫೋನ್ ಮಾಡುತ್ತಾರೆ. ಯಾರು ಜಾಸ್ತಿ ಹೇಳುತ್ತಾರೋ ಅವರಿಗೆ ಚೀಲ ಎತ್ತಿಸುತ್ತಾರೆ. ರೇಟು ಸರಿ ಕಾಣದಿದ್ದರೆ, ಕೈಯಲ್ಲಿ ದುಡ್ಡಿದ್ದವರು ಕಾಯುತ್ತಾರೆ. ಇಲ್ಲದವರು ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಬಂಡವಾಳಶಾಹಿ ಸಮಾಜಕ್ಕೆ ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ಸಿಗುವುದು ಕಷ್ಟ. ಒಂದೇ ತಲೆಮಾರಿನ ಜನ ಎರಡೂ ವ್ಯವಸ್ಥೆಗಳನ್ನು ನೋಡಿದ್ದಾರೆ. ಈ ವಿಷಯದ ವಾದ ಸಾಮಾನ್ಯವಾಗಿ ಅಮೆರಿಕ, ಸೋವಿಯತ್ ಅಂತ ಎಲ್ಲೋ ಮೇಲೆ ತೇಲುತ್ತಿರುತ್ತದೆ. ಒಬ್ಬರು ಲಾಭದ ಪಟ್ಟಿ ಓದುತ್ತಾರೆ, ಇನ್ನೊಬ್ಬರು ನಷ್ಟದ ಪಟ್ಟಿ ಓದುತ್ತಾರೆ. ನನ್ನ ಪ್ರಕಾರ ಅವು ಬೇರೆ ಬೇರೆ ಪಟ್ಟಿಗಳೇ ಅಲ್ಲ. ಲಾಭ ಬಂದ ದಾರಿಯಲ್ಲೇ ನಷ್ಟವೂ ಬರುತ್ತದೆ. ಅದು ಯಾರ ಮನೆಗೆ ಹೋಗಿ ಇಳಿಯುತ್ತದೆ ಅನ್ನುವುದೇ ಅಸಲಿ ಪ್ರಶ್ನೆ.

ಸಂತೆ ಇದ್ದರೆ ಸಾಲದು

ಅಂಗಡಿ, ಸಂತೆ, ವ್ಯಾಪಾರ ಇದ್ದ ಮಾತ್ರಕ್ಕೆ ಅದು ಬಂಡವಾಳಶಾಹಿ ಆಗುವುದಿಲ್ಲ. ಸಂತೆ ಸಾವಿರಾರು ವರ್ಷದಿಂದ ಇದೆ. ಬಂಡವಾಳಶಾಹಿಗೆ ಇನ್ನೂ ಕೆಲವು ಸಂಗತಿ ಕೂಡಿಬರಬೇಕು. ಜಮೀನು, ಯಂತ್ರ, ಕಾರ್ಖಾನೆ ಖಾಸಗಿಯವರ ಕೈಯಲ್ಲಿರಬೇಕು. ಮನೆಯ ಬಳಕೆಗಲ್ಲದೆ ಮಾರಿ ಲಾಭ ಮಾಡಲೆಂದೇ ಬೆಳೆಯಬೇಕು, ತಯಾರಿಸಬೇಕು. ಆಸ್ತಿ ಇಲ್ಲದವರು ಕೂಲಿಗೆ ದುಡಿಯಬೇಕು. ಬಂದ ಲಾಭ ಪೆಟ್ಟಿಗೆಯಲ್ಲಿ ಕೂರದೆ, ಇನ್ನಷ್ಟು ಲಾಭ ಹುಡುಕಿಕೊಂಡು ಮತ್ತೆ ಹೊರಗೆ ಹೋಗಬೇಕು. ಏನನ್ನು ಎಷ್ಟು ಬೆಳೆಯಬೇಕು ಅನ್ನುವುದನ್ನು ಸರ್ಕಾರಿ ಆದೇಶಕ್ಕಿಂತ ಜಾಸ್ತಿ ಬೆಲೆ ಮತ್ತು ಪೈಪೋಟಿ ತೀರ್ಮಾನಿಸಬೇಕು.

ಹೀಗೆ ನೋಡಿದರೆ ಕಾಫಿ ನಮ್ಮಲ್ಲಿ ಮೊದಲಿನಿಂದಲೂ ಬಂಡವಾಳದ ಬೆಳೆಯೇ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರಗಿರಿ ಬೆಟ್ಟದಲ್ಲಿ ನೆಟ್ಟರು ಅನ್ನುವ ಕತೆ ಎಲ್ಲರಿಗೂ ಗೊತ್ತು. ಆದರೆ ಮಲೆನಾಡಿನ ಕಾಡು ದೊಡ್ಡ ಪ್ರಮಾಣದಲ್ಲಿ ತೋಟವಾದದ್ದು 19ನೇ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳು ಬಂದ ಮೇಲೆ. ರಾಗಿ, ಭತ್ತದ ಹಾಗೆ ಉಂಡು ಮಿಕ್ಕಿದ್ದನ್ನು ಮಾರುವ ಬೆಳೆ ಇದಲ್ಲ. ಗಿಡ ನೆಡುವಾಗಲೇ ಕಣ್ಣು ಹಡಗಿನ ಮೇಲೆ. ಇವತ್ತಿಗೂ ಭಾರತದ ಕಾಫಿಯಲ್ಲಿ ಸುಮಾರು ಮೂರನೇ ಎರಡು ಭಾಗ ಹೊರದೇಶಕ್ಕೆ ಹೋಗುತ್ತದೆ. ದೇಶದ ಒಟ್ಟು ಬೆಳೆಯಲ್ಲಿ ಹೆಚ್ಚುಕಡಿಮೆ ಶೇ. 70 ಕರ್ನಾಟಕದ್ದು.

ಅಂದರೆ ಪೂಲ್ ಕಾಲದಲ್ಲೂ ಖಾಸಗಿ ಜಮೀನಿತ್ತು, ಕೂಲಿ ಇತ್ತು, ಲಾಭದ ಆಸೆ ಇತ್ತು. ಇಲ್ಲದೆ ಇದ್ದದ್ದು ಒಂದೇ: ಯಾರಿಗೆ, ಯಾವಾಗ, ಎಷ್ಟಕ್ಕೆ ಮಾರಬೇಕು ಅನ್ನುವ ಹಕ್ಕು. ಆ ಒಂದನ್ನು ತೆಗೆದಾಗ ಏನಾಗುತ್ತದೆ, ವಾಪಸ್ ಕೊಟ್ಟಾಗ ಏನಾಗುತ್ತದೆ ಅಂತ ನೋಡುವ ಅವಕಾಶ ಕಾಫಿ ನಮಗೆ ಕೊಟ್ಟಿದೆ.

ಪೂಲ್ ಇದ್ದ ಕಾಲ

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಬಾಗಿಲು ಮುಚ್ಚಿತು. ನಮ್ಮ ಕಾಫಿ ಕೇಳುವವರೇ ಇಲ್ಲದಂತಾಯಿತು. ಆಗ 1942ರ ಕಾಯ್ದೆ ಬಂತು. ಎಲ್ಲ ಬೆಳೆಗಾರರ ಕಾಫಿಯೂ ಒಂದೇ ರಾಶಿಗೆ. ಬೋರ್ಡು ಅದನ್ನು ಹರಾಜು ಹಾಕಬೇಕು, ಗುಣಮಟ್ಟಕ್ಕೆ ಪಾಯಿಂಟ್ ಲೆಕ್ಕ ಹಾಕಿ ಬೆಳೆಗಾರರಿಗೆ ಕಂತು ಕಂತಾಗಿ ದುಡ್ಡು ಕೊಡಬೇಕು. ಯುದ್ಧ ಮುಗಿಯಿತು, ಪೂಲ್ ಮುಗಿಯಲಿಲ್ಲ. ಅರ್ಧ ಶತಮಾನ ದಾಟಿ ನಡೆಯಿತು.

ಅದನ್ನು ಸುಮ್ನೆ ಬೈದುಬಿಡುವುದು ಸುಲಭ. ಆದರೆ ಪೂಲ್‌ಗೆ ತನ್ನದೇ ಗುಣವಿತ್ತು. ಮಗಳ ಮದುವೆಗೆ ದುಡ್ಡು ಬೇಕು ಅಂತ ಸಣ್ಣ ಬೆಳೆಗಾರ ದಲ್ಲಾಳಿ ಹೇಳಿದ ರೇಟಿಗೆ ಚೀಲ ಎತ್ತಿಕೊಡುವ ಪ್ರಸಂಗ ಕಡಿಮೆ ಇತ್ತು. ದೊಡ್ಡ ಎಸ್ಟೇಟಿಗೂ ಎರಡೆಕರೆಯವನಿಗೂ ಒಂದೇ ಲೆಕ್ಕ. ಹೊರಗಡೆಯಿಂದಲೂ ಒಂದು ಆಸರೆ ಇತ್ತು. 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಯಾವ ದೇಶ ಎಷ್ಟು ರಫ್ತು ಮಾಡಬಹುದು ಅಂತ ಕೋಟಾ ಹಾಕಿ ಬೆಲೆ ತೀರಾ ಕುಸಿಯದಂತೆ ನೋಡಿಕೊಳ್ಳುತ್ತಿತ್ತು. ಜೊತೆಗೆ ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲಿ ನಮ್ಮಿಂದ ಕೊಳ್ಳುತ್ತಿತ್ತು.

ತೊಂದರೆ ಎಲ್ಲಿತ್ತು? ಮೊದಲನೆಯದಾಗಿ ದುಡ್ಡು. ಒಂದು ವರ್ಷದ ಬೆಳೆಯ ಪೂರ್ತಿ ಹಣ ಕೈಸೇರುವ ಹೊತ್ತಿಗೆ ಮುಂದಿನ ಕೊಯ್ಲು ಬಂದಿರುತ್ತಿತ್ತು. ಕಂತಿನ ದಾರಿ ಕಾಯುತ್ತ ಕೂತವನು ಆಳುಗಳಿಗೆ ಕೂಲಿ ಕೊಡಲು ಬಡ್ಡಿಗೆ ಸಾಲ ತರಬೇಕು. ಎರಡನೆಯದು ಇನ್ನೂ ದೊಡ್ಡದು. ಹಣ್ಣಾದದ್ದನ್ನೇ ಆರಿಸಿ ಕೊಯ್ದು, ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ ಸುಲಿದು), ಕಣದಲ್ಲಿ ಹದವಾಗಿ ಒಣಗಿಸಿದವನ ಕಾಫಿಯೂ ಕಾಯಿ-ಹಣ್ಣು ಒಟ್ಟಿಗೆ ಸೆಳೆದು ಹಾಕಿದವನ ಕಾಫಿಯೂ ಕೊನೆಗೆ ಒಂದೇ ರಾಶಿ. ಪಾಯಿಂಟಿನಲ್ಲಿ ವ್ಯತ್ಯಾಸ ಸಿಗುತ್ತಿತ್ತು, ಆದರೆ ಆ ಹೆಚ್ಚುವರಿ ಶ್ರಮಕ್ಕೆ ಸಾಲುವಷ್ಟಲ್ಲ. ಯಾರ ತೋಟದ ಕಾಫಿಯನ್ನು ಯಾರು ಕುಡಿದರು ಅನ್ನುವುದು ಬೆಳೆದವನಿಗೂ ಗೊತ್ತಿಲ್ಲ, ಕುಡಿದವನಿಗೂ ಗೊತ್ತಿಲ್ಲ. ಹಾಗಿದ್ದ ಮೇಲೆ ಯಾರು ತಾನೆ ಮೈಮುರಿದು ಒಳ್ಳೆ ಕಾಫಿ ಮಾಡುತ್ತಾರೆ?

1989ರಲ್ಲಿ ಅಂತಾರಾಷ್ಟ್ರೀಯ ಕೋಟಾ ಮುರಿದುಬಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ದೆಹಲಿ ಆರ್ಥಿಕ ಉದಾರೀಕರಣಕ್ಕೆ ಕೈಹಾಕಿತು. 1992ರಿಂದ ಬೆಳೆಗಾರರಿಗೆ ಸ್ವಲ್ಪ ಸ್ವಲ್ಪವೇ ಮಾರುವ ಸ್ವಾತಂತ್ರ್ಯ ಸಿಕ್ಕಿತು. 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು.

ಬೆಲೆ ಮಾಡುವ ಕೆಲಸ

ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಅದೃಷ್ಟವೂ ಒಲಿಯಿತು. 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಎರಡು ಸಲ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು. ಪ್ರಪಂಚದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ದೇಶ ಅದು. ಬೆಲೆ ನೆಗೆಯಿತು. ಮೊದಲಾಗಿದ್ದರೆ ಆ ಏರಿಕೆ ಪೂಲ್‌ನ ರಾಶಿಯಲ್ಲಿ ಹರಡಿ, ಕಂತಾಗಿ, ನಿಧಾನಕ್ಕೆ ಮನೆಗೆ ಬರುತ್ತಿತ್ತು. ಈಗ ನೇರ ಕೈಗೇ ಬಂತು. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆ ಆ ಕಾಲದ ನೆನಪು ಇನ್ನೂ ಇದೆ. ಹೊಸ ಮನೆ ಎದ್ದವು, ಜೀಪು ಬಂದವು, ಮಕ್ಕಳು ಬೆಂಗಳೂರಿನ ಕಾಲೇಜು ಸೇರಿದರು.

ಇಲ್ಲಿ ಬಂಡವಾಳಶಾಹಿಯ ಅತಿ ದೊಡ್ಡ ಗುಣ ಕಾಣುತ್ತದೆ. ಬ್ರೆಜಿಲ್‌ನಲ್ಲಿ ಹಿಮ ಬಿದ್ದಿದೆ, ಜಗತ್ತಿಗೆ ಇನ್ನಷ್ಟು ಕಾಫಿ ಬೇಕು ಅಂತ ಕೊಡಗಿನ ರೈತನಿಗೆ ಯಾವ ಅಧಿಕಾರಿಯೂ ಸುತ್ತೋಲೆ ಕಳಿಸಬೇಕಾಗಲಿಲ್ಲ. ಬೆಲೆಯೇ ಆ ಸುದ್ದಿ ತಂದಿತು. ಕೂಡಲೇ ಗೊಬ್ಬರ ಬಿತ್ತು, ಸತ್ತ ಗಿಡದ ಜಾಗಕ್ಕೆ ಹೊಸ ಗಿಡ ಬಂತು, ಬಿದ್ದ ಹಣ್ಣನ್ನೂ ಹೆಕ್ಕಿದರು. ಲಕ್ಷಾಂತರ ಜನ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡಿದರು. ಇಷ್ಟು ದೊಡ್ಡ ಹೊಂದಾಣಿಕೆಯನ್ನು ಇಷ್ಟು ಅಗ್ಗವಾಗಿ ಮಾಡುವ ಇನ್ನೊಂದು ವ್ಯವಸ್ಥೆ ಮನುಷ್ಯರಿಗೆ ಇನ್ನೂ ಸಿಕ್ಕಿಲ್ಲ. ಬಂಡವಾಳಶಾಹಿಯನ್ನು ಎಷ್ಟೇ ಬೈಯ್ದರೂ ಈ ಮಾತನ್ನು ಒಪ್ಪಲೇಬೇಕು.

ಸ್ವಲ್ಪ ಹತ್ತಿರದಿಂದ ನೋಡಿ. ವ್ಯಾಪಾರಿಯ ಗೋದಾಮಿಗೆ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಹೋಗುತ್ತದೆ. ಚೀಲ 50 ಕೆಜಿ ಲೆಕ್ಕ. ಅವರು ಅಲ್ಲಲ್ಲಿ ಕೈಹಾಕಿ ಸ್ಯಾಂಪಲ್ ತೆಗೆಯುತ್ತಾರೆ. ಸಣ್ಣ ಯಂತ್ರಕ್ಕೆ ಹಾಕಿ ಸಿಪ್ಪೆ ಹಾರಿಸಿ ಬೀಜ ತೂಗುತ್ತಾರೆ. ತೇವಾಂಶ ಮೀಟರ್ ಇಟ್ಟು ನೋಡುತ್ತಾರೆ. ಕಪ್ಪು ಬೀಜ, ಹುಳ ಕೊರೆದ ಬೀಜ ಬೇರೆ ಮಾಡುತ್ತಾರೆ. 50 ಕೆಜಿ ಚೆರ್ರಿಗೆ 26 ಕೆಜಿ ಬೀಜ ಬಂದರೆ 'ಔಟ್‌ಟರ್ನ್ 26'. ಒಂದು ಪಾಯಿಂಟಿಗೆ, ಅಂದರೆ ಔಟ್‌ಟರ್ನಿನ ಒಂದು ಕೆಜಿಗೆ, 380 ರೂಪಾಯಿ ರೇಟು ಅಂತಿಟ್ಟುಕೊಂಡರೆ ಚೀಲಕ್ಕೆ 9,880. ಅದೇ ಔಟ್‌ಟರ್ನ್ 28 ಬಂದರೆ 10,640. ಒಳ್ಳೆ ಹಣ್ಣು ಕೊಯ್ದು ಚೆನ್ನಾಗಿ ಒಣಗಿಸಿದ್ದಕ್ಕೆ ಚೀಲಕ್ಕೆ 760 ರೂಪಾಯಿ ಜಾಸ್ತಿ, ಅದೂ ಬೇಗನೆ. ಪೂಲ್ ಕಾಲದಲ್ಲಿ ಸೊರಗಿಹೋಗಿದ್ದ ಆ ಶ್ರದ್ಧೆಗೆ ಇಲ್ಲಿ ಕೈಮೇಲೆ ಬೆಲೆ ಸಿಕ್ಕಿತು.

ಆ ದಾರಿ ಹಿಡಿದು ಇನ್ನೂ ಮುಂದೆ ಹೋದವರಿದ್ದಾರೆ. ತೋಟದ ಹೆಸರನ್ನೇ ಪ್ಯಾಕೆಟ್ಟಿನ ಮೇಲೆ ಹಾಕಿ, ತಾವೇ ಹುರಿದು ಮಾರುವ ಬೆಳೆಗಾರರ ಮಕ್ಕಳು ಈಗ ಕೊಡಗು, ಚಿಕ್ಕಮಗಳೂರು ಎರಡೂ ಕಡೆ ಸಿಗುತ್ತಾರೆ. ರೊಬಸ್ಟಾ ಬಿಟ್ಟರೆ ನಮ್ಮ ಕಾಫಿಯ ಇನ್ನೊಂದು ಜಾತಿ ಅರೇಬಿಕಾ. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಒಂದೇ ರಾಶಿಯಲ್ಲಿ ಕರಗಿಹೋಗುತ್ತಿದ್ದ ಬೆಟ್ಟಗಳಿಗೆ ಮತ್ತೆ ಹೆಸರು ಬಂತು.

ಅದೇ ಬೆಲೆ ಮಾಡುವ ಅನಾಹುತ

ಈಗ ಇನ್ನೊಂದು ಮಗ್ಗುಲು. ಕಾಫಿ ಗಿಡ ನೆಟ್ಟ ಮೇಲೆ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಬೆಲೆ ಏರಿದೆ ಅಂತ ಇವತ್ತು ಎಲ್ಲರೂ ನೆಡುತ್ತಾರೆ. ಪಕ್ಕದವನೂ ನೆಡುತ್ತಿದ್ದಾನೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಸಮುದ್ರದಾಚೆ ಇನ್ನೊಬ್ಬನೂ ನೆಡುತ್ತಿದ್ದಾನೆ ಅನ್ನುವುದು ಕಾಣುವುದಿಲ್ಲ. ನಾಲ್ಕು ವರ್ಷದ ನಂತರ ಎಲ್ಲರ ಕೊಯ್ಲೂ ಒಟ್ಟಿಗೆ ಮಾರುಕಟ್ಟೆಗೆ ಬರುತ್ತದೆ. ಬೆಲೆ ಇವತ್ತಿನ ಕೊರತೆಯನ್ನು ಜೋರಾಗಿ ಕೂಗಿ ಹೇಳುತ್ತದೆ. ನಾಳೆಯ ರಾಶಿಯ ಬಗ್ಗೆ ಏನೂ ಹೇಳುವುದಿಲ್ಲ.

ಹೀಗೇ ಆಯಿತು. ವಿಯೆಟ್ನಾಂ ಸರ್ಕಾರ 1986ರಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆದಿತ್ತು. ಅಧಿಕಾರದಲ್ಲಿ ಇದ್ದದ್ದು ಕಮ್ಯುನಿಸ್ಟ್ ಪಕ್ಷವೇ ಅನ್ನುವುದು ಇಲ್ಲಿನ ತಮಾಷೆ. ಅಲ್ಲಿನ ಮಧ್ಯ ಎತ್ತರದ ಪ್ರದೇಶದಲ್ಲಿ ಸಣ್ಣ ಸಣ್ಣ ರೈತರು ರೊಬಸ್ಟಾ ನೆಟ್ಟರು. ಹತ್ತು ಹದಿನೈದು ವರ್ಷದಲ್ಲಿ ಆ ದೇಶ ಕೊಲಂಬಿಯಾವನ್ನು ಹಿಂದೆ ಹಾಕಿ ಪ್ರಪಂಚದ ಎರಡನೇ ಅತಿದೊಡ್ಡ ಕಾಫಿ ಉತ್ಪಾದಕ ಆಯಿತು. 2001ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಒಂದು ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಇಳಿಯಿತು. ಹಲವು ದಶಕಗಳಲ್ಲಿ ಅಷ್ಟು ಕೆಳಗೆ ಹೋಗಿರಲಿಲ್ಲ.

ಕೊಡಗು, ಹಾಸನ, ಚಿಕ್ಕಮಗಳೂರು, ಪಕ್ಕದ ವಯನಾಡಿನಲ್ಲಿ ಆ ವರ್ಷಗಳು ಹೇಗಿದ್ದವು ಅಂತ ಅಲ್ಲಿಯವರನ್ನೇ ಕೇಳಬೇಕು. ಕೊಯ್ಲಿನ ಕೂಲಿ ಕೂಡ ಹುಟ್ಟದೆ ಎಷ್ಟೋ ತೋಟಗಳಲ್ಲಿ ಗೊಬ್ಬರ ನಿಂತಿತು, ಕಸಿ (ಬೇಡದ ರೆಂಬೆ ಕತ್ತರಿಸುವುದು) ನಿಂತಿತು. ಗಿಡ ಸೊರಗಿದಾಗ ಬಿಳಿ ಕಾಂಡಕೊರಕಕ್ಕೆ ಹಬ್ಬ. ಬೆಲೆ ವಾಪಸ್ ಬರುವ ಹೊತ್ತಿಗೆ ಗಿಡವೇ ಇರಲಿಲ್ಲ. ಸಾಲ ಮಾತ್ರ ಬೆಳೆದಿತ್ತು. 2010ರಲ್ಲಿ ಕೇಂದ್ರ ಸರ್ಕಾರ ಸಣ್ಣ ಬೆಳೆಗಾರರ ಸಾಲಕ್ಕೆ ಪರಿಹಾರದ ಪ್ಯಾಕೇಜ್ ಕೊಡಬೇಕಾಯಿತು. ಕುಸಿತದಿಂದ ಪ್ಯಾಕೇಜಿಗೆ ಹತ್ತಿರ ಹತ್ತಿರ ಹತ್ತು ವರ್ಷ.

ಒಂದು ಮಾತು ಮರೆಯಬಾರದು. ನಮ್ಮ ಬೆಳೆಗಾರನನ್ನು ನೆಲಕ್ಕೆ ಕೆಡವಿದ ಅದೇ ಕಾಫಿ ವಿಯೆಟ್ನಾಂನ ಲಕ್ಷಾಂತರ ಬಡ ಕುಟುಂಬಗಳನ್ನು ಮೇಲೆತ್ತಿತು. ಹಾಗೆ ಎದ್ದವರೂ 2001ರಲ್ಲಿ ನಮ್ಮವರ ಜೊತೆಗೇ ಬಿದ್ದರು. ಇದರಲ್ಲಿ ಕಳ್ಳ ಯಾರು, ಸಂತ್ರಸ್ತ ಯಾರು ಅಂತ ಗೆರೆ ಎಳೆಯಲು ಹೊರಟರೆ ಕೈಗೆ ಯಾರೂ ಸಿಗುವುದಿಲ್ಲ. ಎಲ್ಲರೂ ತಮ್ಮ ಮಟ್ಟಿಗೆ ಬುದ್ಧಿವಂತರಾಗಿಯೇ ನಡೆದುಕೊಂಡಿದ್ದರು.

ಚಕ್ರ ಮತ್ತೆ ಮೇಲೆ ಬಂತು. ಬ್ರೆಜಿಲ್, ವಿಯೆಟ್ನಾಂ ಎರಡೂ ಕಡೆ ಬರ ಬಿದ್ದು 2024ರಲ್ಲಿ ರೊಬಸ್ಟಾ ದಾಖಲೆ ಮುರಿಯಿತು. 50 ಕೆಜಿ ಚೆರ್ರಿ ಚೀಲ ನಮ್ಮಲ್ಲಿ 10,000 ರೂಪಾಯಿ ದಾಟಿತು. ಅರೇಬಿಕಾ 2024ರ ಡಿಸೆಂಬರಿನಲ್ಲಿ 1977ರಿಂದ ಇದ್ದ ದಾಖಲೆಯನ್ನು ಹಿಂದೆ ಹಾಕಿ, 2025ರ ಫೆಬ್ರುವರಿಯಲ್ಲಿ ಪೌಂಡಿಗೆ 4 ಡಾಲರ್ ಮೀರಿತು. ತೋಟಗಳಿಗೆ ಸಿಸಿಟಿವಿ ಬಂತು, ಕಣದಲ್ಲಿ ರಾತ್ರಿ ಕಾವಲು ಬಂತು. ಒಂದು ಕಾಲದಲ್ಲಿ ಕೊಯ್ಯುವವರಿಲ್ಲದೆ ಉದುರಿಹೋದ ಕಾಫಿಯನ್ನು ಈಗ ಗಿಡದಿಂದಲೇ ಕದಿಯುತ್ತಾರೆ!

ಲಾಭ ಯಾರಿಗೆ, ಪೆಟ್ಟು ಯಾರಿಗೆ

ಏರಿಳಿತ ಎಲ್ಲರಿಗೂ ಒಂದೇ, ತಾಳುವ ಶಕ್ತಿ ಒಂದೇ ಅಲ್ಲ. ದೊಡ್ಡ ಕಂಪನಿ ಎಸ್ಟೇಟಿಗೆ ಬ್ಯಾಂಕಿನವರೇ ಮನೆಗೆ ಬಂದು ಸಾಲ ಕೊಡುತ್ತಾರೆ. ಅವರು ಆರು ತಿಂಗಳು ಮಾಲು ಇಟ್ಟುಕೊಳ್ಳಬಲ್ಲರು. ವಾಯಿದಾ ಮಾರುಕಟ್ಟೆಯಲ್ಲಿ ಮುಂದಿನ ವರ್ಷದ ಬೆಲೆಯನ್ನು ಇವತ್ತೇ ಕಟ್ಟಿಹಾಕಬಲ್ಲರು. ನಮ್ಮ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಹತ್ತು ಹೆಕ್ಟೇರ್ ಒಳಗಿನವು. ಅವರಿಗೆ ವಾಯಿದಾ ವ್ಯಾಪಾರ ಅಂದರೆ ಟಿವಿಯಲ್ಲಿ ಓಡುವ ಅಂಕಿ, ಅಷ್ಟೇ. ಕೊಯ್ಲು ಮುಗಿದ ಕೂಡಲೇ ಮಾರುವುದು, ಎಲ್ಲರೂ ಮಾರುವಾಗಲೇ ಮಾರುವುದು, ಅದು ಅವರ ಪಾಡು.

ಕೊಳ್ಳುವವರ ಕಡೆ ನೋಡಿ. ಬೆಳೆಗಾರರು ಲಕ್ಷಗಟ್ಟಲೆ. ಪ್ರಪಂಚದ ಮಟ್ಟದಲ್ಲಿ ಕಾಫಿ ಕೊಂಡು ಹುರಿಯುವ ದೊಡ್ಡ ಕಂಪನಿಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಪೈಪೋಟಿ ಇದ್ದರೆ ಬಂಡವಾಳಶಾಹಿ ಚೆನ್ನಾಗಿ ನಡೆಯುತ್ತದೆ ಅಂತ ಹೇಳುತ್ತಾರೆ. ಆದರೆ ಪೈಪೋಟಿಯಲ್ಲಿ ಗೆದ್ದವರು ಮೊದಲು ಮಾಡುವ ಕೆಲಸವೇ ಪೈಪೋಟಿಯನ್ನು ಕಡಿಮೆ ಮಾಡುವುದು. ಗೆಲ್ಲುವ ಆಸೆಯಿಂದ ನಡೆಯುವ ವ್ಯವಸ್ಥೆಯಲ್ಲಿ ಅದು ಸಹಜ ಕೂಡ. ಅದಕ್ಕೇ ಕಡಿವಾಣ ಹೊರಗಿನಿಂದ ಬರಬೇಕು.

ಒಂದು ಅಂದಾಜು ಲೆಕ್ಕ. ಹಸಿ ಬೀಜಕ್ಕೆ ಕೆಜಿಗೆ 400 ರೂಪಾಯಿ ಅಂದುಕೊಳ್ಳೋಣ. ಕೆಫೆಯ ಕಪುಚಿನೊಗೆ 18 ಗ್ರಾಂ ಹುರಿದ ಕಾಫಿ ಹೋಗುತ್ತದೆ. ಹುರಿಯುವಾಗ ತೂಕ ಇಳಿಯುವುದನ್ನು ಸೇರಿಸಿದರೆ 22 ಗ್ರಾಂ ಹಸಿ ಬೀಜ. ಅಂದರೆ 200 ರೂಪಾಯಿಯ ಲೋಟದಲ್ಲಿ ಕಾಫಿ ಬೀಜದ ಬೆಲೆ 9 ರೂಪಾಯಿ ದಾಟುವುದಿಲ್ಲ. ದರ್ಶಿನಿಯಲ್ಲಿ ಚಿಕೋರಿ ಬೆರೆಸಿದ 20 ರೂಪಾಯಿ ಫಿಲ್ಟರ್ ಕಾಫಿಯಲ್ಲಿ ಮೂರು ನಾಲ್ಕು ರೂಪಾಯಿ. ನಿಂತುಕೊಂಡು ಕುಡಿದ ಲೋಟದಲ್ಲೇ ಬೀಜಕ್ಕೆ ಸಿಗುವ ಪಾಲು ಜಾಸ್ತಿ, ಅಲ್ವಾ! ಉಳಿದ 191 ರೂಪಾಯಿ ಎಲ್ಲ ಲೂಟಿ ಅಂತ ನಾನು ಹೇಳುವುದಿಲ್ಲ. ಬಾಡಿಗೆ, ಹಾಲು, ಸಂಬಳ, ಕರೆಂಟು, ತೆರಿಗೆ ಎಲ್ಲ ಅದರಲ್ಲೇ ಬರಬೇಕು. ಆದರೂ ಬೀಜದ ಬೆಲೆ ಅರ್ಧಕ್ಕೆ ಇಳಿದಾಗ ಕೆಫೆಯ ಬೋರ್ಡಿನಲ್ಲಿ ರೇಟು ಇಳಿದದ್ದನ್ನು ಯಾರಾದರೂ ನೋಡಿದ್ದೀರಾ? ಏರುವಾಗ ಮಾತ್ರ ಮಾರನೇ ದಿನವೇ ಗೊತ್ತಾಗುತ್ತದೆ.

ಬಂಡವಾಳಗಾರನಿಗೂ ಪೆಟ್ಟು ತಪ್ಪಿದ್ದಲ್ಲ. ಚಿಕ್ಕಮಗಳೂರಿನ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಪೂಲ್ ಮುಗಿದದ್ದೂ ಅದೇ ವರ್ಷ. ಮಾರುವ ಸ್ವಾತಂತ್ರ್ಯ ಸಿಕ್ಕ ಬೆಳೆ, ತೋಟದಿಂದ ನಗರದ ಮೇಜಿನವರೆಗೆ ತಾನೇ ನಡೆದು ಹೋಯಿತು. ಒಂದು ಹಂತದಲ್ಲಿ 1,700ಕ್ಕೂ ಹೆಚ್ಚು ಕೆಫೆಗಳಿದ್ದವು. ಮಲೆನಾಡಿನ ಎಷ್ಟೋ ಹುಡುಗ ಹುಡುಗಿಯರಿಗೆ ಅಲ್ಲಿ ಕೆಲಸ ಸಿಕ್ಕಿತು. ಇದು ಬಂಡವಾಳ ಇಲ್ಲದೆ ಆಗುವ ಮಾತಲ್ಲ. ಆದರೆ ಅಷ್ಟು ವೇಗದ ಬೆಳವಣಿಗೆ ನಿಂತದ್ದು ಸಾಲದ ಮೇಲೆ. ಸಾವಿರಾರು ಕೋಟಿ ಸಾಲ. 2019ರ ಜುಲೈ ಕೊನೆಯಲ್ಲಿ ಅವರು ನೇತ್ರಾವತಿಯಲ್ಲಿ ತೀರಿಕೊಂಡ ಸುದ್ದಿ ಬಂತು. ಆ ಮೇಲೆ ಕಂಪನಿ ಆಸ್ತಿ ಮಾರಿ ಸಾಲ ತೀರಿಸುತ್ತ ಬಂತು, ಕೆಫೆಗಳ ಸಂಖ್ಯೆ 500ಕ್ಕಿಂತ ಕೆಳಗೆ ಇಳಿಯಿತು. ಈ ವ್ಯವಸ್ಥೆಯಲ್ಲಿ ನಿಂತಲ್ಲೇ ನಿಲ್ಲುವ ಹಾಗಿಲ್ಲ. ಸಾಲ ತಂದು ಬೆಳೆಯಬೇಕು, ಬೆಳೆದದ್ದನ್ನು ತೋರಿಸಿ ಇನ್ನಷ್ಟು ಸಾಲ ತರಬೇಕು.

ಲೈನ್ ಮನೆ

ಇಷ್ಟು ಹೊತ್ತು ಬೆಳೆಗಾರರ ಮಾತಾಯಿತು. ಕಾಫಿ ಕೊಯ್ಯುವವರ ಮಾತು ಇನ್ನೂ ಬಂದಿಲ್ಲ. ಸಾಮಾನ್ಯವಾಗಿ ಹೀಗೇ ಆಗುತ್ತದೆ.

ತೋಟದ ಅಂಚಿನಲ್ಲಿ ಸಾಲಾಗಿ ಕಟ್ಟಿದ ಒಂದೋ ಎರಡೋ ಕೋಣೆಯ ಮನೆಗಳಿಗೆ ಲೈನ್ ಮನೆ ಅನ್ನುತ್ತಾರೆ. ದೊಡ್ಡ ತೋಟದವರು ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಕೂಸಿನ ಆರೈಕೆ ಒದಗಿಸಬೇಕು ಅಂತ 1951ರಲ್ಲೇ ಕಾಯ್ದೆ ಬಂತು. ಒಳ್ಳೆಯದೇ. ಆದರೆ ಮನೆ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಬಿಟ್ಟರೆ ಸೂರೂ ಇಲ್ಲ. ಕೂಲಿ ಸಾಲದು ಅಂತ ಮೇಸ್ತ್ರಿಯ ಹತ್ತಿರ ಜಗಳ ಮಾಡುವ ಮುಂಚೆ ರಾತ್ರಿ ಮಕ್ಕಳನ್ನು ಎಲ್ಲಿ ಮಲಗಿಸುವುದು ಅಂತ ಯೋಚಿಸಬೇಕು. ಕಾಗದದ ಮೇಲೆ ಆ ಆಳು ಸ್ವತಂತ್ರ. ಯಾರ ಹತ್ತಿರ ಬೇಕಾದರೂ ದುಡಿಯಬಹುದು. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತುಹಾಕಿದಾಗ ರಾಜ್ಯಕ್ಕೇ ಸುದ್ದಿಯಾಯಿತು. ಅವರಲ್ಲಿ ಬಹಳಷ್ಟು ಜನ ಲೈನ್ ಮನೆಗಳನ್ನು ಬಿಟ್ಟು ಸ್ವಂತದ್ದೊಂದು ಸೂರು ಬೇಕು ಅಂತ ಅಲ್ಲಿಗೆ ಬಂದವರು.

ಇಲ್ಲೂ ಚಿತ್ರ ಒಂದೇ ಬಣ್ಣದ್ದಲ್ಲ. ಹಿಂದೆ ಕೊಡಗಿನಲ್ಲಿ ಯರವರಂಥ ಸಮುದಾಯಗಳು ತಲೆಮಾರುಗಟ್ಟಲೆ ಜೀತದಲ್ಲಿದ್ದವು. ಬಿಟ್ಟು ಹೋಗುವ ಮಾತೇ ಇರಲಿಲ್ಲ. ಕೂಲಿ ಮಾರುಕಟ್ಟೆ ಬೆಳೆದಂತೆ, ಇಂಥ ತೋಟದಲ್ಲಿ ಕೆಜಿಗೆ ಒಂದು ರೂಪಾಯಿ ಜಾಸ್ತಿ ಕೊಡುತ್ತಾರಂತೆ ಅಂತ ಪಿಕಪ್ ಹತ್ತಿ ಹೋಗುವ ಅವಕಾಶ ಬಂತು. ಆಳು ಸಿಗುವುದಿಲ್ಲ ಅನ್ನುವುದು ಈಗ ಬೆಳೆಗಾರರ ದೊಡ್ಡ ಗೋಳು. ಆಳಿನ ಕಡೆಯಿಂದ ನೋಡಿದರೆ ಅದು ಒಳ್ಳೆಯ ಸುದ್ದಿ. ಮಾಲೀಕರು ಆಳಿಗಾಗಿ ಪೈಪೋಟಿ ಮಾಡಿದಾಗ ಕೂಲಿ ಏರುತ್ತದೆ. ಆದರೆ ಕೂಲಿ ಏರುತ್ತಿದೆ ಅನ್ನುವಷ್ಟರಲ್ಲಿ ಅಸ್ಸಾಂನಿಂದ, ಬಂಗಾಳದಿಂದ ಇನ್ನೂ ಬಡವರು ಬಂದು ಇಳಿಯುತ್ತಾರೆ. 2001ರಿಂದ 2025ರವರೆಗೆ ಒಂದು ಪೌಂಡ್ ಅರೇಬಿಕಾದ ಬೆಲೆ ಎಂಟು ಪಟ್ಟು ಏರಿತಲ್ಲ, ಆ ಏರಿಕೆಯ ಕೊನೆಯ ಜಿಗಿತ ಲೈನ್ ಮನೆಯವರೆಗೆ ಬಂದದ್ದು ಬಹಳ ಸ್ವಲ್ಪ. ಬೆಲೆ ಬಿದ್ದಾಗ ಮಾತ್ರ ಮೊದಲು ನಿಲ್ಲುವುದು ಅವರ ಕೆಲಸ.

ಬೆಲೆಗೆ ಕಾಣದ್ದು

ನಮ್ಮ ಕಾಫಿ ನೆರಳಿನಲ್ಲಿ ಬೆಳೆಯುತ್ತದೆ. ಅತ್ತಿ, ಹಲಸು, ಮತ್ತಿ, ಬೀಟೆ ಮರಗಳ ಕೆಳಗೆ. ಆ ಮರ ಹಕ್ಕಿಗೆ ಮನೆ, ಮಣ್ಣಿಗೆ ಕೊಡೆ, ಕಾವೇರಿಗೆ ನೀರು. ಮೈಸೂರು, ಬೆಂಗಳೂರಿನ ನಲ್ಲಿಯಲ್ಲಿ ಬರುವ ನೀರಿನಲ್ಲಿ ಆ ನೆರಳಿನ ಪಾಲಿದೆ. ಆದರೆ ಕಾಫಿಯ ಔಟ್‌ಟರ್ನ್ ನೋಡುವ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಅತ್ತಿಮರ ಉಳಿಸಿಕೊಂಡ ಬೆಳೆಗಾರನಿಗೂ ಕಡಿದವನಿಗೂ ಒಂದೇ ರೇಟು. ಎಷ್ಟೋ ಸಲ ಕಡಿದವನ ಇಳುವರಿಯೇ ಜಾಸ್ತಿ. ಹಾಗಾಗಿ ಕಾಡುಮರ ಹೋಗಿ ಸಿಲ್ವರ್ ಓಕ್ ಬಂತು. ಬೇಗ ಬೆಳೆಯುತ್ತದೆ, ನೇರ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಕಡಿದು ಮಾರಬಹುದು.

ಇದರಲ್ಲಿ ತಪ್ಪೆಲ್ಲ ಮಾರುಕಟ್ಟೆಯದೇ ಅಲ್ಲ. ಕೊಡಗಿನ ಎಷ್ಟೋ ಜಮೀನುಗಳಲ್ಲಿ ಕಾಡುಮರದ ಹಕ್ಕು ಸರ್ಕಾರದ್ದು. ತಾನೇ ಸಾಕಿದ ಮರ ಕಡಿಯಲೂ ಇಲಾಖೆಯ ಅನುಮತಿಗೆ ಅಲೆಯಬೇಕು. ಸಿಲ್ವರ್ ಓಕ್‌ಗೆ ಆ ತಲೆನೋವಿಲ್ಲ. ಕಾಡುಮರ ಉಳಿಸಲೆಂದು ಮಾಡಿದ ನಿಯಮವೇ ಹೊಸದಾಗಿ ಕಾಡುಮರ ನೆಡದಂತೆ ಮಾಡಿತು.

ಪಲ್ಪರ್‌ನಿಂದ ಹೊರಬರುವ ಹುಳಿನೀರು ಹೊಳೆಗೆ ಸೇರಿದರೆ ಕೆಳಗಿನ ಊರಿಗೆ ನಷ್ಟ, ತೋಟದವನ ಲೆಕ್ಕದ ಪುಸ್ತಕಕ್ಕಲ್ಲ. ಕಾಡು ಚೂರುಚೂರಾದ ಮೇಲೆ ಆನೆ ತೋಟಕ್ಕೆ ಇಳಿಯುತ್ತದೆ. ಬೆಳಗಿನ ಜಾವ ಕೆಲಸಕ್ಕೆ ನಡೆದು ಹೋಗುವ ಆಳು ಅದರ ಎದುರು ಸಿಕ್ಕಿಬೀಳುತ್ತಾನೆ. ಈ ಯಾವ ಖರ್ಚೂ ಚೀಲದ ಬೆಲೆಯಲ್ಲಿ ಸೇರಿಲ್ಲ. ಬೇರೆಯವರು ತೆರುತ್ತಿರುವುದರಿಂದಲೇ ಕಾಫಿ ಅಷ್ಟು ಅಗ್ಗ. ಕಾಡು ಕಡಿದು ಬೆಳೆದ ಕಾಫಿ ಬೇಡ ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಆ ಖರ್ಚನ್ನು ಬೆಲೆಯೊಳಗೆ ತರುವ ಪ್ರಯತ್ನ ಅದು. ಉದ್ದೇಶ ಸರಿ. ಆದರೆ ಪ್ರತಿ ತೋಟದ ನಕ್ಷೆ, ದಾಖಲೆ ಒದಗಿಸುವುದು ಕಂಪನಿಗೆ ಒಬ್ಬ ಗುಮಾಸ್ತನ ಕೆಲಸ, ಎರಡೆಕರೆಯವನಿಗೆ ದೊಡ್ಡ ತಲೆಬೇನೆ.

ನಡುವಿನ ದಾರಿಗಳು

ಹಾಗಾದರೆ ಪೂಲ್‌ಗೆ ವಾಪಸ್ ಹೋಗೋಣವೇ? ಬೇಡ. ಬೇಕು ಅನ್ನುವ ಬೆಳೆಗಾರರು ಸಿಗುವುದೂ ಅಪರೂಪ. ಆದರೆ 'ಎಲ್ಲ ಮಾರುಕಟ್ಟೆಗೆ ಬಿಡಿ' ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಕಾಫಿಯ ಮಾರುಕಟ್ಟೆ ನಿಂತಿರುವುದೇ ಮಾರುಕಟ್ಟೆ ಮಾಡದ ಕೆಲಸಗಳ ಮೇಲೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಷ್ಟು ಹಿಂದೆ ಶುರುವಾಯಿತು. ನಮ್ಮ ತೋಟಗಳಲ್ಲಿ ಬಹಳ ಕಡೆ ಕಾಣುವ ಎಸ್.795 ಅರೇಬಿಕಾ ತಳಿ ಅಲ್ಲಿನ ಕೆಲಸದ ಫಲ. ಒಂದು ತಳಿಗೆ ಇಪ್ಪತ್ತು ಮೂವತ್ತು ವರ್ಷ ಕೂರುವ ತಾಳ್ಮೆ, ಅದರ ಲಾಭ ಎಲ್ಲರಿಗೂ ಹೋಗಲಿ ಅನ್ನುವ ಮನಸ್ಸು ಲಾಭದ ಲೆಕ್ಕಕ್ಕೆ ಇರುವುದಿಲ್ಲ.

ಕಾರ್ಮಿಕರೇ ಮಾಲೀಕರಾದ ಉದಾಹರಣೆಯೂ ಕಾಫಿಯಲ್ಲೇ ಇದೆ. 1950ರ ದಶಕದಲ್ಲಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡವರು ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿದರು. ಬೆಂಗಳೂರಿನ ಸಂಘ 1957ರದ್ದು. ಎಂ.ಜಿ. ರಸ್ತೆಯಲ್ಲಿದ್ದ ಅವರ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಹೋಯಿತು, ಮುಚ್ಚಲಿಲ್ಲ. ಆ ಸಂಘ ಸಾವಿರ ಕೆಫೆ ತೆರೆಯಲೂ ಇಲ್ಲ, ಸಾವಿರಾರು ಕೋಟಿ ಸಾಲ ಮಾಡಲೂ ಇಲ್ಲ. ಯಾವುದು ಮೇಲು ಅಂತ ಒಂದೇ ಮಾತಿನಲ್ಲಿ ಹೇಳಲಾರೆ. ಬೆಳೆಯುವ ಹಸಿವು ಒಂದಕ್ಕಿದೆ, ಬಾಳುವ ತಾಳ್ಮೆ ಇನ್ನೊಂದಕ್ಕಿದೆ.

ಏರಿಳಿತದ ಪೆಟ್ಟು ತಗ್ಗಿಸಲು ಕೇಂದ್ರ 2003ರಲ್ಲಿ ಚಹಾ, ಕಾಫಿ, ರಬ್ಬರ್, ತಂಬಾಕು ಬೆಳೆಗಾರರಿಗೆ ಬೆಲೆ ಸ್ಥಿರತಾ ನಿಧಿ ಅಂತ ಒಂದನ್ನು ತಂದಿತ್ತು. ಬೆಲೆ ಏರಿದ ವರ್ಷ ಬೆಳೆಗಾರ ಖಾತೆಗೆ ದುಡ್ಡು ಹಾಕಬೇಕು, ಬಿದ್ದ ವರ್ಷ ಸರ್ಕಾರ ಹಾಕಬೇಕು, ಕಷ್ಟದಲ್ಲಿ ಬೆಳೆಗಾರ ತೆಗೆದುಕೊಳ್ಳಬೇಕು. ಯೋಚನೆ ಸರಿಯಾಗಿಯೇ ಇತ್ತು. ಮೊತ್ತ ಮಾತ್ರ ಗೊಬ್ಬರ ತರುವ ಗಾಡಿಯ ಬಾಡಿಗೆಗೂ ಸಾಲದಷ್ಟು ಸಣ್ಣದು. ಸೇರಿದವರು ಕಡಿಮೆ, ಹತ್ತು ವರ್ಷದಲ್ಲಿ ಯೋಜನೆ ಮುಗಿದೇಹೋಯಿತು. ಅದನ್ನು ದೊಡ್ಡ ಮೊತ್ತದಲ್ಲಿ, ಕಾರ್ಮಿಕರ ಪಾಲನ್ನೂ ಸೇರಿಸಿ ಮತ್ತೆ ಕಟ್ಟಬಹುದು ಅನ್ನುವುದು ನನ್ನ ಅನಿಸಿಕೆ. ಕಷ್ಟ ಏನೆಂದರೆ, ಬೆಲೆ ಬಿದ್ದಾಗ ಹೊಸದಾಗಿ ನಿಧಿ ಶುರುಮಾಡಲು ಬೆಳೆಗಾರರ ಹತ್ತಿರ ದುಡ್ಡಿರುವುದಿಲ್ಲ. ಏರಿದಾಗ ಇಂಥ ನಿಧಿಯ ಸುದ್ದಿಯೇ ಯಾರಿಗೂ ಬೇಡ. ಆಗ ಎಲ್ಲರೂ ನರ್ಸರಿಯ ಮುಂದೆ ಇರುತ್ತಾರೆ. 2024ರ ಬೆಲೆ ನೋಡಿ ಗದ್ದೆಗೂ ರೊಬಸ್ಟಾ ಇಳಿಸಿದವರಿದ್ದಾರೆ. ಆ ಗಿಡಗಳು ಫಸಲಿಗೆ ಬರುವುದು 2028ರ ಸುಮಾರಿಗೆ. ವಿಯೆಟ್ನಾಂನವರೂ ಬ್ರೆಜಿಲ್‌ನವರೂ ಅದೇ ಬೆಲೆಯನ್ನು ನೋಡಿದ್ದಾರೆ.